ಗಂಟು ಎಣಿಸಿದವರ ಗಾಳಿ ಲೆಕ್ಕ

ಬ್ಯಾಂಕಿನ ಖಾತೆ ನೋಡಬೇಕಾದರೆ ಫೋನಿನಲ್ಲಿ ‘ಲಾಗಿನ್’ ಆಗುತ್ತೇವೆ, ಕೆಲಸ ಮುಗಿದ ಮೇಲೆ ‘ಲಾಗೌಟ್’. ಈ ಲಾಗ್ ಮೂಲದಲ್ಲಿ ಒಂದು ಕಟ್ಟಿಗೆ ತುಂಡು. ಸೌದೆ ಎಂದರೂ ತಪ್ಪಿಲ್ಲ. ಹಾಯಿ ಹಡಗಿನ ಹಿಂಬದಿಯಿಂದ ಅದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಕಟ್ಟಿಗೆ ಬಿದ್ದಲ್ಲೇ ತೇಲುತ್ತ ನಿಲ್ಲುತ್ತದೆ, ಹಡಗು ಮುಂದೆ ಸಾಗುತ್ತದೆ, ಸುತ್ತಿಟ್ಟ ಹಗ್ಗ ಸರಸರನೆ ಬಿಚ್ಚಿಕೊಳ್ಳುತ್ತದೆ. ಹಗ್ಗಕ್ಕೆ ಸಮದೂರದಲ್ಲಿ ಗಂಟುಗಳು. ಪಕ್ಕದಲ್ಲಿ ಇನ್ನೊಬ್ಬ ಮರಳು ಗಡಿಯಾರ ಹಿಡಿದು ನಿಂತಿರುತ್ತಾನೆ. 28 ಸೆಕೆಂಡಿನಲ್ಲಿ ಮರಳು ಖಾಲಿ. ಅಷ್ಟರಲ್ಲಿ ಕೈ ದಾಟಿ ಹೋದ ಗಂಟುಗಳೆಷ್ಟೋ ಹಡಗಿನ ವೇಗ ಅಷ್ಟು ‘ನಾಟ್’. ನಾಟ್ ಎಂದರೇ ಗಂಟು. ಗಂಟಿನಿಂದ ಗಂಟಿಗೆ 47 ಅಡಿ 3 ಅಂಗುಲ ಬಿಟ್ಟಿರುತ್ತಿದ್ದರು. ಒಂದು ಗಂಟೆಯಲ್ಲಿ 28 ಸೆಕೆಂಡು ಎಷ್ಟನೇ ಒಂದು ಪಾಲೋ, ಒಂದು ನಾವಿಕ ಮೈಲಿಯಲ್ಲಿ 47 ಅಡಿ 3 ಅಂಗುಲವೂ ಅಷ್ಟನೇ ಒಂದು ಪಾಲು. ಗುಣಾಕಾರ, ಭಾಗಾಕಾರವೆಲ್ಲ ಹಗ್ಗದಲ್ಲೇ ಮುಗಿದಿದೆ. ಎಣಿಸಲು ಬಂದರೆ ಸಾಕು.

ಎಣಿಸಿದ್ದನ್ನು ಮೊದಲು ಒಂದು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಗೀಚುತ್ತಿದ್ದರು. ಮಧ್ಯಾಹ್ನ ಅದನ್ನು ಪುಸ್ತಕಕ್ಕೆ ಇಳಿಸಿ ಹಲಗೆ ಒರೆಸುತ್ತಿದ್ದರು. ಕಟ್ಟಿಗೆಯ ಲೆಕ್ಕ ಬರೆದ ಪುಸ್ತಕ, ಆದ್ದರಿಂದ ಲಾಗ್ ಬುಕ್. ಒಂದೊಂದು ಪುಟವೂ ಒಂದೊಂದು ದಿನ. ಗಂಟೆ, ಗಂಟಿನ ಸಂಖ್ಯೆ, ಹಡಗಿನ ಮೂತಿ ಯಾವ ಕಡೆ, ಗಾಳಿ ಯಾವ ಕಡೆಯಿಂದ ಎಂದು ಮನೆಗಳು. ಬಲಗಡೆ ಅಗಲವಾದ ಜಾಗದಲ್ಲಿ ಟಿಪ್ಪಣಿ: ಮೋಡ, ಮಳೆ, ಹರಿದ ಹಾಯಿ, ಸತ್ತ ನಾವಿಕ, ಬಿಚ್ಚಿದ ಬಿಸ್ಕತ್ತಿನ ಪೀಪಾಯಿ. ಓದಲು ಕುಳಿತರೆ ಹತ್ತು ಪುಟಕ್ಕೆ ಆಕಳಿಕೆ ಬರುವಂಥ ಪುಸ್ತಕ. ಕಡಲಿನ ಹಳೆಯ ಹವೆ ಹೇಗಿತ್ತು ಎಂದು ಕೇಳುವ ವಿಜ್ಞಾನಿಗಳು ಕಳೆದ ಇಪ್ಪತ್ತೈದು ವರ್ಷಗಳಿಂದ ಇಂಥ ಲಕ್ಷಾಂತರ ಪುಟಗಳ ಬೆನ್ನು ಹತ್ತಿದ್ದಾರೆ.

ಇವುಗಳಲ್ಲಿ ಗಾಳಿಯ ಬಗ್ಗೆ ಇಷ್ಟೊಂದು ಬರೆದಿಟ್ಟಿದ್ದೇಕೆ? ಹವಾಮಾನದ ಮೇಲಿನ ಪ್ರೀತಿಯಿಂದ ಖಂಡಿತ ಅಲ್ಲ. ನಡುಗಡಲಿನಲ್ಲಿ ತಾನು ಎಲ್ಲಿದ್ದೇನೆ ಎಂದು ತಿಳಿಯಲು ನಾವಿಕನಿಗೆ ಬೇರೆ ದಾರಿಯಿರಲಿಲ್ಲ. ಅಕ್ಷಾಂಶವೇನೋ ಸಿಕ್ಕೀತು, ನಡುಮಧ್ಯಾಹ್ನದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ಅಳೆದರಾಯಿತು. ರೇಖಾಂಶ ಹಾಗೆ ದಕ್ಕುತ್ತಿರಲಿಲ್ಲ. ನಂಬಬಹುದಾದ ಹಡಗು ಗಡಿಯಾರ ಬಂದದ್ದು ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ, ಅದು ಎಲ್ಲರ ಕೈಗೆಟುಕಿದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೆ ಇದ್ದದ್ದು ಅಂದಾಜು ಮಾತ್ರ: ನಿನ್ನೆ ಇಲ್ಲಿದ್ದೆವು, ಇಷ್ಟು ಗಂಟಿನ ವೇಗದಲ್ಲಿ ಈ ದಿಕ್ಕಿಗೆ ಇಷ್ಟು ಹೊತ್ತು ಬಂದಿದ್ದೇವೆ, ಆದ್ದರಿಂದ ಈಗ ಇಲ್ಲಿದ್ದೇವೆ. ಆದರೆ ಹಾಯಿ ಹಡಗು ಮೂತಿ ನೆಟ್ಟ ಕಡೆಗೇ ಹೋಗುವುದಿಲ್ಲ. ಪಕ್ಕದಿಂದ ಬೀಸುವ ಗಾಳಿ ಅದನ್ನು ಏಡಿಯ ಹಾಗೆ ಅಡ್ಡಡ್ಡ ಜಾರಿಸುತ್ತದೆ. ಎಷ್ಟು ಜಾರಿತು ಎಂಬುದು ಗಾಳಿಯ ದಿಕ್ಕು ಮತ್ತು ಜೋರಿನ ಮೇಲೆ ನಿಂತಿದೆ. ಈ ಲೆಕ್ಕ ತಪ್ಪಿದರೆ ರಾತ್ರಿ ಕತ್ತಲಲ್ಲಿ ಬಂಡೆ. ಹೀಗಾಗಿ ಗಾಳಿಯನ್ನು ಬರೆಯುವವನು ತನ್ನ ಪ್ರಾಣಕ್ಕಾಗಿ ಬರೆಯುತ್ತಿದ್ದ. ಇನ್ನೂರು ವರ್ಷಗಳ ಮೇಲೆ ಯಾರೋ ಓದುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವಾದ್ದರಿಂದಲೇ ಅವನ ಬರಹವನ್ನು ನಂಬಬಹುದು ಎಂದು ನನ್ನ ಎಣಿಕೆ.

ನಂಬಬಹುದು ನಿಜ, ಆದರೆ ಹಾಗೇ ಎತ್ತಿಕೊಳ್ಳುವಂತಿಲ್ಲ. ಮೊದಲ ತೊಡಕು ತಾರೀಖಿನದು. ನಡುಮಧ್ಯಾಹ್ನದ ಸೂರ್ಯನನ್ನು ನೋಡಿ ಜಾಗ ಗೊತ್ತುಮಾಡುವ ನಾವಿಕನಿಗೆ ದಿನ ಹುಟ್ಟುವುದೂ ಮಧ್ಯಾಹ್ನವೇ. ಅವನ ಹತ್ತನೇ ತಾರೀಖು ಶುರುವಾಗುವುದು ನಮ್ಮ ಒಂಬತ್ತನೇ ತಾರೀಖಿನ ಮಧ್ಯಾಹ್ನ ಹನ್ನೆರಡಕ್ಕೆ. ‘ಹತ್ತನೇ ತಾರೀಖು ಸಂಜೆ ಬಿರುಗಾಳಿ’ ಎಂದು ಅವನು ಬರೆದರೆ ದಡದಲ್ಲಿರುವವರಿಗೆ ಅದು ಒಂಬತ್ತರ ಸಂಜೆ. ಶುಕ್ರವಾರ ರಾತ್ರಿ ಎರಡು ಗಂಟೆಯನ್ನು ಕ್ಯಾಲೆಂಡರು ಶನಿವಾರ ಎನ್ನುತ್ತದೆ, ಪಂಚಾಂಗ ನೋಡುವ ಅಜ್ಜಿ ಸೂರ್ಯ ಹುಟ್ಟುವವರೆಗೂ ಶುಕ್ರವಾರವೇ ಎನ್ನುತ್ತಾಳೆ. ಅಂಥದೇ ಪೇಚು. ಬ್ರಿಟಿಷ್ ನೌಕಾಪಡೆ 1805ರಲ್ಲಿ ಈ ಪದ್ಧತಿ ಬಿಟ್ಟಿತು. ಬೇರೆಯವರು ಇನ್ನೂ ಕೆಲಕಾಲ ಬಿಡಲಿಲ್ಲ.

ಎರಡನೆಯದು ರೇಖಾಂಶದ ಸೊನ್ನೆ. ಗ್ರೀನಿಚ್ ಎಲ್ಲರಿಗೂ ಸೊನ್ನೆಯಾದದ್ದು ಈಚೆಗೆ. ಆಗ ಡಚ್ಚರಿಗೆ ಟೆನೆರಿಫ್ ದ್ವೀಪದ ಶಿಖರ, ಫ್ರೆಂಚರಿಗೆ ಪ್ಯಾರಿಸ್, ಸ್ಪೇನಿನವರಿಗೆ ಕಾಡಿಸ್. ಎಷ್ಟೋ ಹಡಗುಗಳಿಗೆ ಕೊನೆಯ ಬಾರಿ ಕಣ್ಣಿಗೆ ಬಿದ್ದ ನೆಲವೇ ಸೊನ್ನೆ. ಸೇಂಟ್ ಹೆಲೆನಾ ದಾಟಿದ ಮೇಲೆ ಅಲ್ಲಿಂದ ಎಣಿಕೆ, ಗುಡ್‌ಹೋಪ್ ಭೂಶಿರ ದಾಟಿದ ಮೇಲೆ ಮತ್ತೆ ಅಲ್ಲಿಂದ. ಒಂದೇ ಪಯಣದಲ್ಲಿ ಸೊನ್ನೆ ನಾಲ್ಕಾರು ಸಲ ಜಾಗ ಬದಲಿಸುತ್ತದೆ. ಇದನ್ನು ತಿಳಿಯದೆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಹಡಗು ಹಾಯಿ ಬಿಚ್ಚಿಕೊಂಡು ಆಫ್ರಿಕಾದ ಮರಳುಗಾಡಿನ ಮೇಲೆ ಸಾಗುತ್ತದೆ.

ಮೂರನೆಯದು ದಿಕ್ಸೂಚಿ. ಅದರ ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು. ನಿಜವಾದ ಉತ್ತರಕ್ಕೂ ಅದಕ್ಕೂ ಇರುವ ಓರೆ ಊರಿಂದೂರಿಗೆ ಬೇರೆ, ವರ್ಷದಿಂದ ವರ್ಷಕ್ಕೂ ಬೇರೆ. 1780ರ ಗಾಳಿಯ ದಿಕ್ಕನ್ನು ಸರಿಪಡಿಸಬೇಕಾದರೆ 1780ರಲ್ಲಿ ಆ ಜಾಗದ ಓರೆ ಎಷ್ಟಿತ್ತೆಂದು ಗೊತ್ತಿರಬೇಕು. ಅದನ್ನು ಹೇಳುವವರು ಯಾರು? ಮತ್ತೆ ಅದೇ ಹಡಗಿನ ಪುಸ್ತಕಗಳು. ಜಾಣ ಕಪ್ತಾನರು ಸೂರ್ಯೋದಯದ ದಿಕ್ಕಿನೊಡನೆ ತಾಳೆ ನೋಡಿ ಈ ಓರೆಯನ್ನೂ ಬರೆದಿಡುತ್ತಿದ್ದರು. 1590ರಿಂದ ಈಚೆಗೆ ಭೂಮಿಯ ಕಾಂತಕ್ಷೇತ್ರ ಹೇಗೆ ಸರಿದಾಡಿತು ಎಂಬ ನಾಲ್ಕು ಶತಮಾನದ ನಕ್ಷೆ ತಯಾರಾದದ್ದು ಬಹುಮಟ್ಟಿಗೆ ಇಂಥ ಬರಹಗಳಿಂದಲೇ. ಪುಸ್ತಕದ ರೋಗಕ್ಕೆ ಮದ್ದು ಪುಸ್ತಕದಲ್ಲೇ ಇತ್ತು.

ಹೀಗೆ ಬರೆದವರಲ್ಲಿ ಭಾರತಕ್ಕೆ ತೀರ ಹತ್ತಿರದವರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನರು. ಪಯಣ ಮುಗಿದ ಮೇಲೆ ಅವರು ಲಂಡನ್ನಿನ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಗೆ ದಿನಚರಿ ಒಪ್ಪಿಸಬೇಕಿತ್ತು. ಎಲ್ಲಿ ತಡವಾಯಿತು, ಯಾಕೆ ಸರಕು ನೆನೆಯಿತು, ಸುಮ್ಮನೆ ಯಾವ ಬಂದರಿನಲ್ಲಿ ಲಂಗರು ಹಾಕಿ ಕುಳಿತಿದ್ದಿರಿ ಎಂದು ಕೇಳಲು ಕಂಪನಿಗೆ ದಾಖಲೆ ಬೇಕು. ವ್ಯಾಪಾರಿ ಬುದ್ಧಿ, ಅಷ್ಟೆ. ಆ ಬುದ್ಧಿಯಿಂದಾಗಿ ಸಾವಿರಾರು ದಿನಚರಿಗಳು ಉಳಿದು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಂಪನಿಯ ನಕ್ಷೆಗಳ ಉಸ್ತುವಾರಿಗೆ 1779ರಲ್ಲಿ ಅಲೆಕ್ಸಾಂಡರ್ ಡಾಲ್ರಿಂಪಲ್ ಎಂಬಾತ ನೇಮಕವಾದ. ಹಡಗಿನಲ್ಲಿ ಬ್ಯಾರೋಮೀಟರು, ಥರ್ಮಾಮೀಟರು ಇಟ್ಟುಕೊಳ್ಳಿ, ಓದಿದ್ದನ್ನು ಬರೆಯಿರಿ ಎಂದು ಕಪ್ತಾನರ ಬೆನ್ನು ಬಿದ್ದವರಲ್ಲಿ ಆತ ಮುಖ್ಯ. ಪರಿಣಾಮವಾಗಿ 1789ರಿಂದ 1834ರವರೆಗಿನ ಸುಮಾರು 900 ದಿನಚರಿಗಳಲ್ಲಿ ದಿನದಿನದ ವಾಯುಭಾರ, ಉಷ್ಣತೆಯ ಅಂಕಿಗಳಿವೆ. 2012ರ ಹೊತ್ತಿಗೆ ಇವುಗಳಿಂದ 2,73,000 ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ ಆಗಿತ್ತು.

ಇವು ಎಷ್ಟು ಬೆಲೆಬಾಳುತ್ತವೆ ಎಂಬುದಕ್ಕೆ ತಂಬೋರಾ ಸಾಕ್ಷಿ. 1815ರ ಏಪ್ರಿಲ್ 5ರಂದು ಸುಲವೇಸಿ ದ್ವೀಪದ ಮಕಸ್ಸಾರ್ ಬಂದರಿನಲ್ಲಿದ್ದ ಕಂಪನಿಯ ‘ಬನಾರಸ್’ ಹಡಗಿನವರಿಗೆ ದಕ್ಷಿಣದಿಂದ ತೋಪಿನ ಸದ್ದು ಕೇಳಿಸಿತು. ಕಡಲುಗಳ್ಳರು ಯಾರ ಮೇಲೋ ಬಿದ್ದಿರಬೇಕೆಂದು ಸಿಪಾಯಿಗಳನ್ನು ಹತ್ತಿಸಿಕೊಂಡು ಹುಡುಕಲು ಹೊರಟರು. ಕಳ್ಳರಿಲ್ಲ, ತೋಪಿಲ್ಲ. ಬರಿಗೈಲಿ ಮರಳಿದರು. ಮುಂದಿನ ವಾರ ಹಗಲೇ ಕತ್ತಲಾಗಿ ಹಡಗಿನ ಮೇಲೆ ಬೂದಿ ಸುರಿಯಿತು. ನೂರಾರು ಮೈಲಿ ದೂರದ ಸುಂಬಾವ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಮರುವರ್ಷ ಯೂರೋಪಿನಲ್ಲೂ ಅಮೆರಿಕದ ಈಶಾನ್ಯ ಭಾಗದಲ್ಲೂ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಹಿಮ, ಹೊಲದಲ್ಲೇ ಕೊಳೆತ ಪೈರು. ಇದನ್ನೆಲ್ಲ ಓದಿದವರಿಗೆ ಇಡೀ ಭೂಮಿಯೇ ಹಲವು ಡಿಗ್ರಿ ತಣ್ಣಗಾಯಿತೇನೋ ಅನ್ನಿಸುತ್ತದೆ. ಕಂಪನಿ ಹಡಗುಗಳು ಅದೇ ವರ್ಷಗಳಲ್ಲಿ ಉಷ್ಣವಲಯದ ಕಡಲಿನಲ್ಲಿ ಬರೆದ ಅಂಕಿಗಳು ಬೇರೆ ಮಾತು ಹೇಳುತ್ತವೆ. 1809ರ ಒಂದು ಸ್ಫೋಟ (ಅದು ಎಲ್ಲಿ ನಡೆಯಿತೆಂದು ಯಾರೂ ಬರೆದಿಟ್ಟಿಲ್ಲ, ಧ್ರುವದ ಹಿಮದ ಪದರಗಳಲ್ಲಿ ಸಿಕ್ಕ ಆಮ್ಲದಿಂದ ಗೊತ್ತಾದದ್ದು) ಮತ್ತು ತಂಬೋರಾ, ಎರಡರ ತಂಪೂ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್. ಕೆಲವು ಕಂಪ್ಯೂಟರ್ ಮಾದರಿಗಳು ಇದಕ್ಕಿಂತ ದೊಡ್ಡ ತಂಪನ್ನು ತೋರಿಸುತ್ತಿದ್ದವು. ಅವನ್ನು ತಿದ್ದಲು ಈಗ ಒಂದು ಅಳತೆಗೋಲು ಸಿಕ್ಕಿತು. ಚಹಾ, ರೇಷ್ಮೆ, ಮೆಣಸು ಹೊತ್ತು ಹೋಗುತ್ತಿದ್ದವರು ಅದನ್ನು ಅರಿಯದೆಯೇ ಕೊಟ್ಟು ಹೋಗಿದ್ದರು.

ಉಪಕರಣ ಇದ್ದಲ್ಲಿ ಅಂಕಿ ಸಿಕ್ಕಿತು. ಅದಿಲ್ಲದ ಕಾಲದ ಗಾಳಿಯ ಜೋರನ್ನು ಅಳೆಯುವುದು ಹೇಗೆ? ಅಲ್ಲಿರುವುದು ಬರೀ ಮಾತು. ನಮ್ಮ ಮಲೆನಾಡಿನ ರೈತನೊಬ್ಬ ಐವತ್ತು ವರ್ಷ ಮಳೆಯ ದಿನಚರಿ ಬರೆದಿದ್ದಾನೆಂದುಕೊಳ್ಳಿ. ತುಂತುರು, ಸೋನೆ, ಜಿಟಿಜಿಟಿ, ಜಡಿಮಳೆ, ಕುಂಭದ್ರೋಣ ಎಂದೆಲ್ಲ ಬರೆದಿರುತ್ತಾನೆ. ಒಂದು ಅಂಗುಲ, ಎರಡು ಅಂಗುಲ ಎಂದಿರುವುದಿಲ್ಲ. ಆದರೆ ಅವನು ಮಾತುಗಳನ್ನು ಬಾಯಿಗೆ ಬಂದಂತೆ ಬಳಸುವುದಿಲ್ಲ. ಸೋನೆಗೆ ನಾಟಿ ಮಾಡಬಹುದು, ಜಡಿಮಳೆಗೆ ಬದು ಕಾಯಬೇಕು. ಪ್ರತಿ ಮಾತಿನ ಹಿಂದೆ ಒಂದು ಕೆಲಸವಿದೆ. ನಾವಿಕನ ಮಾತೂ ಹಾಗೆ. ಡಚ್ ನಾವಿಕ ಗಾಳಿಯನ್ನು ಹಾಯಿಯ ಹೆಸರಿನಿಂದಲೇ ಕರೆಯುತ್ತಿದ್ದ. ತುತ್ತತುದಿಯ ಸಣ್ಣ ಹಾಯಿ ಹರಿಯದೆ ತಾಳಿಕೊಳ್ಳುವಷ್ಟು ಗಾಳಿಗೆ ಒಂದು ಹೆಸರು, ಅದನ್ನು ಇಳಿಸಿ ಕೆಳಗಿನದನ್ನಷ್ಟೇ ಬಿಡಬೇಕಾದ ಗಾಳಿಗೆ ಇನ್ನೊಂದು. ಎತ್ತರದ ಹಾಯಿಕಂಬ ಹತ್ತಿ, ಒದ್ದೆ ಕ್ಯಾನ್ವಾಸನ್ನು ಉಗುರಿನಿಂದ ಕೆರೆದು ಮಡಚುವವನ ಜೀವ ಆ ಹೆಸರಿನ ಮೇಲೆ ನಿಂತಿತ್ತು.

2000ದಿಂದ 2003ರವರೆಗೆ ಯೂರೋಪಿನ ಹಲವು ವಿಶ್ವವಿದ್ಯಾಲಯಗಳು ಕೂಡಿ ಕ್ಲಿವಾಕ್ ಎಂಬ ಯೋಜನೆ ನಡೆಸಿದವು. 1750ರಿಂದ 1850ರವರೆಗಿನ ಇಂಗ್ಲಿಷ್, ಡಚ್, ಫ್ರೆಂಚ್, ಸ್ಪ್ಯಾನಿಷ್ ದಿನಚರಿಗಳಿಂದ ಎರಡೂವರೆ ಲಕ್ಷಕ್ಕೂ ಮೀರಿದ ನಮೂದುಗಳನ್ನು ಹೆಕ್ಕಿದರು. ಅದಕ್ಕಿಂತ ಮೊದಲು ಅವರು ಮಾಡಬೇಕಾಗಿ ಬಂದ ಕೆಲಸ ನಿಘಂಟು ರಚನೆ! ನಾಲ್ಕು ಭಾಷೆಗಳ ಗಾಳಿಮಾತುಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದನ್ನೂ ಇಂದಿನ ಬೋಫರ್ಟ್ ಮಾಪನದ ಒಂದು ಅಂಕಿಗೆ ಹೊಂದಿಸಿದರು. ಹವಾಮಾನ ವಿಜ್ಞಾನಿಗಳು ಕಿಟೆಲ್ಲರ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲಿರಬೇಕು.

ಬೋಫರ್ಟ್ ಮಾಪನವೂ ಹುಟ್ಟಿದ್ದು ಹಡಗಿನ ದಿನಚರಿಯೊಂದರಲ್ಲೇ. ಫ್ರಾನ್ಸಿಸ್ ಬೋಫರ್ಟ್ ಹುಡುಗನಾಗಿ ಮೊದಲು ಕಡಲಿಗಿಳಿದದ್ದು ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ. ಆಮೇಲೆ ನೌಕಾಪಡೆ ಸೇರಿ ‘ವುಲಿಚ್’ ಎಂಬ ಹಡಗಿನ ಕಪ್ತಾನನಾದ. 1806ರ ಜನವರಿ 13ರಂದು ತನ್ನ ಖಾಸಗಿ ದಿನಚರಿಯಲ್ಲಿ, ಇನ್ನು ಮುಂದೆ ಗಾಳಿಯನ್ನು ಅಂಕಿಯಲ್ಲಿ ಬರೆಯುತ್ತೇನೆಂದು ಪಟ್ಟಿ ಹಾಕಿಕೊಂಡ. ಸೊನ್ನೆ ಎಂದರೆ ಗಾಳಿಯೇ ಇಲ್ಲ, ಕೊನೆಯದೆಂದರೆ ಯಾವ ಹಾಯಿಯೂ ನಿಲ್ಲದ ಬಿರುಗಾಳಿ. ನಡುವಿನ ಮೆಟ್ಟಿಲುಗಳನ್ನು, ಮುಂದೆ ಅವನೇ ತಿದ್ದಿದ ರೂಪದಲ್ಲಿ, ಯುದ್ಧನೌಕೆಯೊಂದು ಎಷ್ಟು ಹಾಯಿ ಬಿಚ್ಚಬಹುದು ಎಂಬುದರಿಂದಲೇ ಹೇಳಲಾಗಿತ್ತು. ಹಡಗೇ ಗಾಳಿಮಾಪಕ. 1831ರಲ್ಲಿ ಡಾರ್ವಿನ್‌ನನ್ನು ಹೊತ್ತು ಹೊರಟ ‘ಬೀಗಲ್’ ಈ ಅಂಕಿಗಳನ್ನು ಬಳಸಿತು. 1838ರಲ್ಲಿ ನೌಕಾಪಡೆಗೆ ಅದು ಕಡ್ಡಾಯವಾಯಿತು. ಇಂದು ಟಿವಿಯಲ್ಲಿ ಚಂಡಮಾರುತದ ಸುದ್ದಿ ಓದುವವರಿಗೆ ಹಾಯಿಯ ನೆನಪೂ ಇಲ್ಲ, ಆದರೆ ಹವಾಮಾನ ಕಚೇರಿಗಳಲ್ಲಿ ಆ ಮೆಟ್ಟಿಲುಗಳು ಇನ್ನೂ ಇವೆ.

ಚಂಡಮಾರುತದ ಮಾತು ಬಂತು. ಅದರ ಇಂಗ್ಲಿಷ್ ಹೆಸರು ‘ಸೈಕ್ಲೋನ್’ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಹೆಸರಿಟ್ಟವನು ಹೆನ್ರಿ ಪಿಡಿಂಗ್ಟನ್, ಕಡಲು ಬಿಟ್ಟು ದಡದ ಕೆಲಸಕ್ಕೆ ಬಂದ ನಾವಿಕ. ಹೂಗ್ಲಿ ನದಿಗೆ ಬಂದು ಸೇರುವ ಹಡಗುಗಳಿಂದ ದಿನಚರಿ ಕೇಳಿ ಪಡೆಯುವುದು ಅವನ ಗೀಳು. ಬಂಗಾಳ ಕೊಲ್ಲಿಯಲ್ಲಿ ಒಂದು ಬಿರುಗಾಳಿ ಎದ್ದಿತೆನ್ನಿ. ಆ ದಿನ ಅದರ ಸುತ್ತಮುತ್ತ ಸಿಕ್ಕಿಬಿದ್ದ ಹತ್ತಿಪ್ಪತ್ತು ಹಡಗುಗಳ ಪುಟಗಳನ್ನು ಒಟ್ಟುಹಾಕಿ, ಒಂದೊಂದು ಹಡಗು ನಿಂತ ಜಾಗದಲ್ಲಿ ಗಾಳಿಯ ಬಾಣ ಎಳೆಯುತ್ತಿದ್ದ. ಒಂದು ಹಡಗಿಗೆ ಮೂಡಣ ಗಾಳಿ, ಇನ್ನೊಂದಕ್ಕೆ ಪಡುವಣ ಗಾಳಿ, ಮತ್ತೊಂದಕ್ಕೆ ತೆಂಕಣದ್ದು. ಬಿಡಿಬಿಡಿಯಾಗಿ ಓದಿದರೆ ಯಾರೋ ಸುಳ್ಳು ಬರೆದಿದ್ದಾರೆ ಅನ್ನಿಸಬೇಕು. ನಕ್ಷೆಯ ಮೇಲೆ ಇಟ್ಟರೆ ಬಾಣಗಳೆಲ್ಲ ಒಂದು ನಡುಬಿಂದುವನ್ನು ಸುತ್ತುತ್ತಿವೆ. 1839ರಿಂದ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಒಂದರ ಮೇಲೊಂದು ಬಿರುಗಾಳಿಯ ಕಥೆಯನ್ನು ಹೀಗೆ ಬಿಡಿಸುತ್ತ ಹೋದ.

ಆದರೆ ಹತ್ತಿಪ್ಪತ್ತು ಹಡಗು ಬೇಕಿಲ್ಲದೆ ಒಂದೇ ಹಡಗು ಇಡೀ ಸತ್ಯ ಹೇಳಿದ ಪ್ರಸಂಗ ಅವನ ಕೈಗೆ ಸಿಕ್ಕಿತು. ‘ಚಾರ್ಲ್ಸ್ ಹೆಡಲ್’ ಎಂಬ ಎರಡು ಕಂಬದ ಹಡಗು 1845ರ ಫೆಬ್ರವರಿಯಲ್ಲಿ ಮಾರಿಷಸ್‌ನಿಂದ ಹೊರಟು ಬಿರುಗಾಳಿಗೆ ಸಿಕ್ಕಿತು. ಗಾಳಿಯನ್ನು ಎದುರಿಸಲಾಗದೆ ಕಪ್ತಾನ ಅದಕ್ಕೆ ಬೆನ್ನು ಕೊಟ್ಟು ಓಡಿದ. ಬಿರುಗಾಳಿಯಿಂದ ತಪ್ಪಿಸಿಕೊಳ್ಳಲು ಎಲ್ಲರೂ ಮಾಡುವುದು ಅದನ್ನೇ, ಗಾಳಿ ತಳ್ಳಿದ ಕಡೆಗೆ ಓಡು, ಎಂದಾದರೂ ಹೊರಗೆ ಬೀಳುತ್ತೀ. ಅವನ ದಿನಚರಿಯಲ್ಲಿ ಗಾಳಿಯ ದಿಕ್ಕು ಗಂಟೆಗಂಟೆಗೂ ಬದಲಾಗುತ್ತದೆ. ಬದಲಾಗುತ್ತ ದಿಕ್ಸೂಚಿಯ ಇಡೀ ಮುಖವನ್ನು ಸುತ್ತಿ ಹೊರಟಲ್ಲಿಗೇ ಬರುತ್ತದೆ. ಮತ್ತೆ ಸುತ್ತುತ್ತದೆ. ಐದು ದಿನದಲ್ಲಿ ಐದು ಸುತ್ತು.

ಪಿಡಿಂಗ್ಟನ್ ಗಂಟೆಗಂಟೆಯ ದಿಕ್ಕು, ಗಂಟಿನ ಲೆಕ್ಕ ಹಿಡಿದು ಹಡಗಿನ ಜಾಡು ಬಿಡಿಸಿದ. ಕಾಗದದ ಮೇಲೆ ಮೂಡಿದ್ದು ಬಾಣಲೆಯ ಮೇಲೆ ಎಳೆಯುತ್ತ ಹೋದ ಜಿಲೇಬಿ. ಗಾಳಿ ನಡುವನ್ನು ಸುತ್ತುತ್ತಿದ್ದರೆ ಗಾಳಿಯ ಜೊತೆ ಓಡುವವನೂ ನಡುವನ್ನು ಸುತ್ತಲೇಬೇಕು, ಗಾಣದ ಎತ್ತಿನ ಹಾಗೆ. ದಕ್ಷಿಣಾರ್ಧ ಗೋಳವಾದ್ದರಿಂದ ಸುತ್ತು ಗಡಿಯಾರದ ಮುಳ್ಳಿನ ಕಡೆಗೆ. ನಮ್ಮ ಬಂಗಾಳ ಕೊಲ್ಲಿಯಲ್ಲಾಗಿದ್ದರೆ ತಿರುಗುಮುರುಗು. ಸುತ್ತುಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕಕ್ಕೆ ಜಾರಿದ್ದೇಕೆಂದರೆ ಬಿರುಗಾಳಿಯ ನಡುಬಿಂದುವೇ ನಿಧಾನವಾಗಿ ಸರಿಯುತ್ತಿತ್ತು. ಹಡಗು ಸಾವಿರಕ್ಕೂ ಹೆಚ್ಚು ಮೈಲಿ ಓಡಿತ್ತು. ಹೊರಟ ಜಾಗದಿಂದ ನೋಡಿದರೆ ಅದರ ಕಾಲುಭಾಗದಷ್ಟು ದೂರವೂ ಹೋಗಿದೆಯೋ ಇಲ್ಲವೋ ಎನ್ನುವಂತಿತ್ತು. ಬಿರುಗಾಳಿ ಸುತ್ತುತ್ತದೆಯೇ ಇಲ್ಲವೇ ಎಂದು ಇನ್ನೂ ವಾದ ನಡೆಯುತ್ತಿದ್ದ ಕಾಲದಲ್ಲಿ ಇದಕ್ಕಿಂತ ಬೇರೆ ಪುರಾವೆ ಬೇಕೆ? 1848ರಲ್ಲಿ ಪಿಡಿಂಗ್ಟನ್ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಈ ಗಾಳಿಗೆ ಗ್ರೀಕ್ ಮಾತಿನಿಂದ ಸೈಕ್ಲೋನ್ ಎಂದು ಹೆಸರಿಟ್ಟ. ಅವನ ಮನಸ್ಸಿನಲ್ಲಿದ್ದದ್ದು ಸುರುಳಿ ಸುತ್ತಿದ ಹಾವು. ಪುಸ್ತಕದ ಜೊತೆ ಕೊಂಬನ್ನು ತೆಳುವಾಗಿ ಹೆರೆದು ಮಾಡಿದ, ಆಚೆಯದು ಕಾಣುವಂಥ ಎರಡು ಹಾಳೆಗಳನ್ನು ಕೊಟ್ಟಿದ್ದ. ಅವುಗಳ ಮೇಲೆ ಸುತ್ತುಗಾಳಿಯ ಬಾಣಗಳು, ಉತ್ತರಾರ್ಧಕ್ಕೊಂದು, ದಕ್ಷಿಣಾರ್ಧಕ್ಕೊಂದು. ನಕ್ಷೆಯ ಮೇಲೆ ಹಾಳೆಯಿಟ್ಟು, ತನಗೆ ಈಗ ಬೀಸುತ್ತಿರುವ ಗಾಳಿಯ ಬಾಣ ಹಡಗಿರುವ ಜಾಗಕ್ಕೆ ಬರುವಂತೆ ಸರಿಸಿದರೆ ಬಿರುಗಾಳಿಯ ನಡು ಎಲ್ಲಿದೆಯೆಂದು ಕಪ್ತಾನನಿಗೆ ಗೊತ್ತಾಗುತ್ತಿತ್ತು. ಉಪಗ್ರಹವಿಲ್ಲದ ಕಾಲದಲ್ಲಿ ಇದೊಂದು ಕೈಯಗಲದ ಉಪಗ್ರಹ.

ಅಮೆರಿಕದಲ್ಲಿ ಇದೇ ಹೊತ್ತಿಗೆ ಮ್ಯಾಥ್ಯೂ ಮೋರಿ ಇನ್ನೊಂದು ದಿಕ್ಕಿನಿಂದ ಹೊರಟಿದ್ದ. ಗಾಡಿ ಉರುಳಿ ಕಾಲು ಮುರಿದುಕೊಂಡು ಕಡಲಿಗೆ ಬೇಡವಾದ ನೌಕಾಧಿಕಾರಿ. 1842ರಲ್ಲಿ ನಕ್ಷೆ, ಉಪಕರಣಗಳ ಉಗ್ರಾಣದ ಕೆಲಸ ಕೊಟ್ಟರು. ಅಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಹಳೆಯ ದಿನಚರಿಗಳನ್ನು ಜಾಲಾಡಿ 1847ರಲ್ಲಿ ಗಾಳಿ ಮತ್ತು ಪ್ರವಾಹಗಳ ನಕ್ಷೆ ಹೊರತಂದ. ಅದನ್ನು ನಂಬಿ ಹೋದ ಹಡಗುಗಳಿಗೆ ವಾರಗಟ್ಟಲೆ ಉಳಿತಾಯವಾಯಿತು. ನಕ್ಷೆ ಬೇಕಾದವರು ನಮ್ಮ ನಮೂನೆಯಲ್ಲಿ ದಿನಚರಿ ಬರೆದು ಕಳಿಸಿ ಎಂಬುದು ಅವನ ಕರಾರು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳು ಕೂತು ಒಂದೇ ನಮೂನೆಗೆ ಒಪ್ಪಿದವು. ಪ್ರಾಣಭಯದಿಂದ ಬರೆಯುತ್ತಿದ್ದ ಹವೆಯನ್ನು ಹವೆಗಾಗಿಯೇ ಬರೆಯತೊಡಗಿದ್ದು ಅಲ್ಲಿಂದ. ತೊಡಕುಗಳು ಅಲ್ಲಿಗೆ ಮುಗಿದವು ಅಂದುಕೊಳ್ಳಬೇಡಿ. ನಿಜವಾದ ತಲೆನೋವು ಒಂದು ಬಕೆಟ್ಟಿನಲ್ಲಿತ್ತು.

ಕಡಲ ನೀರಿನ ಉಷ್ಣತೆ ಅಳೆಯುವುದೇನು ಮಹಾ? ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಸು, ನೀರೆತ್ತು, ಥರ್ಮಾಮೀಟರು ಅದ್ದು, ಬರೆ. ಹಳೆಯ ಬಕೆಟ್ಟುಗಳು ಮರದವು. ಆಮೇಲೆ ಕ್ಯಾನ್ವಾಸಿನವು ಬಂದವು, ಹಗುರ, ಹಡಗಿನ ಪಕ್ಕೆಗೆ ಬಡಿದರೂ ಒಡೆಯುವುದಿಲ್ಲ. ಹಿಂದೆ ನಮ್ಮ ಲಾರಿ, ಜೀಪುಗಳ ಮೂತಿಗೆ ಕ್ಯಾನ್ವಾಸಿನ ನೀರಿನ ಚೀಲ ತೂಗುಬಿಟ್ಟಿರುತ್ತಿದ್ದದ್ದು ಹಿರಿಯರಿಗೆ ನೆನಪಿದ್ದೀತು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲೂ ಅದರೊಳಗೆ ತಣ್ಣೀರು. ಬಟ್ಟೆಯಿಂದ ಜಿನುಗಿದ ನೀರು ಗಾಳಿಗೆ ಆವಿಯಾಗುತ್ತ ಒಳಗಿನ ಶಾಖವನ್ನು ಕದ್ದೊಯ್ಯುತ್ತದೆ. ಹಡಗಿನ ಬಕೆಟ್ಟಿನಲ್ಲಿ ನಡೆದದ್ದೂ ಅದೇ. ಮೇಲೆಳೆದ ನೀರು ಡೆಕ್ಕಿನ ಗಾಳಿಯಲ್ಲಿ ನಾಲ್ಕು ನಿಮಿಷ ಕೂತರೆ ಕಡಲಿಗಿಂತ ತಣ್ಣಗಾಗಿಬಿಡುತ್ತದೆ. ಎಷ್ಟು ತಣ್ಣಗೆ? ಗಾಳಿ ಎಷ್ಟಿತ್ತು, ಹವೆ ಎಷ್ಟು ಒಣಗಿತ್ತು, ಬಕೆಟ್ಟು ಎಷ್ಟು ದೊಡ್ಡದು, ಖಲಾಸಿ ಥರ್ಮಾಮೀಟರು ಹುಡುಕಲು ಎಷ್ಟು ಹೊತ್ತು ಮಾಡಿದ ಎಂಬುದನ್ನೆಲ್ಲ ಅದು ಅವಲಂಬಿಸಿದೆ. ವಿಜ್ಞಾನಿಗಳು ಹಳೆಯ ಬಕೆಟ್ಟುಗಳನ್ನು ಸಮೀಕರಣಕ್ಕೆ ಇಳಿಸಿ, ಗಾಳಿಕೊಳವೆಯಲ್ಲಿಟ್ಟು ಲೆಕ್ಕ ಹಾಕಿದ್ದಾರೆ.

ಉಗಿ ಹಡಗು ಬಂದ ಮೇಲೆ ಇನ್ನೊಂದು ವಿಧಾನ ಬಂತು. ಎಂಜಿನ್ ತಣಿಸಲು ಒಳಗೆಳೆಯುವ ಕಡಲ ನೀರಿನ ಕೊಳವೆಯಲ್ಲೇ ಥರ್ಮಾಮೀಟರು ಇಡುವುದು. ಎಂಜಿನ್ ಕೋಣೆಯ ಬಿಸಿ ತಗುಲಿ ಇಲ್ಲಿ ಅಂಕಿ ಸ್ವಲ್ಪ ಮೇಲಕ್ಕೇ ಹೋಗುತ್ತದೆ. ಬಕೆಟ್ಟು ತಂಪು ಹೇಳುತ್ತದೆ, ಎಂಜಿನ್ ಬಿಸಿ ಹೇಳುತ್ತದೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಉಳಿದ ದಾಖಲೆಗಳಲ್ಲಿ ಅಮೆರಿಕದ ಹಡಗುಗಳದೇ ದೊಡ್ಡ ಪಾಲು, ಅವು ಎಂಜಿನ್ ಕೊಳವೆಯ ಪೈಕಿ. ಯುದ್ಧ ಮುಗಿಯುತ್ತಿದ್ದಂತೆ 1945ರ ಕೊನೆಯ ತಿಂಗಳುಗಳಲ್ಲಿ ಬ್ರಿಟಿಷ್ ಹಡಗುಗಳು ಬಕೆಟ್ಟಿನ ಸಮೇತ ಮರಳಿದವು. ಜಾಗತಿಕ ಉಷ್ಣತೆಯ ಗೆರೆ ದಿಢೀರನೆ ಸುಮಾರು 0.3 ಡಿಗ್ರಿ ಕೆಳಗೆ ಬಿತ್ತು. 2008ರವರೆಗೆ ಆ ಕುಸಿತ ಹೆಚ್ಚು ಪ್ರಶ್ನೆಯಿಲ್ಲದೆ ಗೆರೆಯಲ್ಲಿ ಕುಳಿತಿತ್ತು. ಕಡಲು ತಣ್ಣಗಾಗಿರಲಿಲ್ಲ, ಅಳೆಯುವವರು ಬದಲಾಗಿದ್ದರು.

ಜಪಾನಿನ ಅಂಕಿಗಳ ಕಥೆ ಇನ್ನೂ ಸಣ್ಣದು, ಇನ್ನೂ ಸೊಗಸು. 1930ರ ದಶಕದ ಜಪಾನಿ ಹಡಗುಗಳ ಅಂಕಿಗಳು ಉತ್ತರ ಪೆಸಿಫಿಕ್‌ನಲ್ಲಿ ಇತರರಿಗಿಂತ ಸುಮಾರು 0.35 ಡಿಗ್ರಿಯಷ್ಟು ತಂಪು. ಯಾಕೆಂದು ಹುಡುಕುತ್ತ ಹೋದವರಿಗೆ 2019ರ ಹೊತ್ತಿಗೆ ಉತ್ತರ ಸಿಕ್ಕಿತು: ಕಾಗದದಿಂದ ಕಂಪ್ಯೂಟರ್ ಕಾರ್ಡಿಗೆ ಇಳಿಸುವಾಗ ಯಾರೋ ದಶಾಂಶ ಬಿಂದುವಿನ ಮುಂದಿನದನ್ನು ಕತ್ತರಿಸಿಬಿಟ್ಟಿದ್ದರು. 18.7 ಇದ್ದದ್ದು 18 ಆಯಿತು. ಅಂಗಡಿಯವನು ಚಿಲ್ಲರೆ ಬಿಟ್ಟ ಹಾಗೆ.

ಇಲ್ಲೊಂದು ಅನುಮಾನ ಬರುವುದು ಸಹಜ. ಇಷ್ಟೆಲ್ಲ ತಿದ್ದಿದ ಮೇಲೆ ಬೇಕಾದ ಉತ್ತರವನ್ನೇ ತಂದುಕೊಳ್ಳಬಹುದಲ್ಲ? ತಿದ್ದುಪಡಿ ಯಾವ ಕಡೆಗೆ ಎಳೆಯುತ್ತದೆ ಎಂದು ನೋಡಿದರೆ ಸಾಕು. ಬಕೆಟ್ಟಿನ ತಿದ್ದುಪಡಿ ಹಳೆಯ ಕಡಲನ್ನು ಮೊದಲು ಅಂದುಕೊಂಡದ್ದಕ್ಕಿಂತ ಬೆಚ್ಚಗೆ ಮಾಡುತ್ತದೆ. ಅಂದರೆ ಅಂದಿನಿಂದ ಇಂದಿನವರೆಗಿನ ಒಟ್ಟು ಏರಿಕೆಯನ್ನು ಅದು ಕಡಿಮೆ ಮಾಡುತ್ತದೆ. ಕಡಿಮೆ ಮಾಡಿದ ಮೇಲೂ ಏರಿಕೆ ಉಳಿದಿದೆ.

ಪುಟಗಳನ್ನು ಓದುವವರು ಯಾರು? ಅಲೆಗೆ ಓಲಾಡುತ್ತ ಬರೆದ, ಶಾಯಿ ಹಬ್ಬಿದ ಕೈಬರಹವನ್ನು ಓದಲು ಯಂತ್ರಗಳು ತಡವರಿಸುತ್ತವೆ. 2010ರಲ್ಲಿ ‘ಓಲ್ಡ್ ವೆದರ್’ ಎಂಬ ಯೋಜನೆ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ನೌಕಾಪಡೆಯ ದಿನಚರಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟಿತು. ಸಾವಿರಾರು ಜನ ಮನೆಯಲ್ಲೇ ಕೂತು ಸುಮಾರು 300 ಹಡಗುಗಳ 16 ಲಕ್ಷ ನಮೂದುಗಳನ್ನು ಬೆರಳಚ್ಚು ಮಾಡಿಕೊಟ್ಟರು. ಒಂದೇ ಪುಟವನ್ನು ಹಲವರು ಓದಿ, ಹೆಚ್ಚು ಜನ ಒಪ್ಪಿದ ಅಂಕಿ ಉಳಿಯುವ ಏರ್ಪಾಟು. ಜನರಿಗೆ ಹಿಡಿಸಿದ್ದು ಅಂಕಿಗಳಿಗಿಂತ ಪಕ್ಕದ ಟಿಪ್ಪಣಿಗಳು. ತಾವು ಓದುತ್ತಿರುವ ಹಡಗಿನ ಗತಿ ಏನಾಯಿತೆಂಬ ಕುತೂಹಲಕ್ಕೇ ಮುಂದಿನ ಪುಟ ತಿರುವಿದವರು ಬಹಳ.

ಹೀಗೆ ಸೇರಿದ ನಮೂದುಗಳನ್ನೆಲ್ಲ ಚುಕ್ಕಿಯಾಗಿಸಿ ಭೂಪಟದ ಮೇಲೆ ಇಟ್ಟರೆ ಕಡಲು ತುಂಬುವುದಿಲ್ಲ. ಕೆಲವು ದಾರಿಗಳು ಗಾಢವಾಗಿ ಮೂಡುತ್ತವೆ, ಉಳಿದದ್ದು ಖಾಲಿ. ಹಡಗು ಹೋದದ್ದು ಸರಕು ಇರುವ ಕಡೆಗೆ, ಗಾಳಿ ಒದಗುವ ಕಾಲದಲ್ಲಿ. ನಮ್ಮ ಕರಾವಳಿಯನ್ನೇ ನೋಡಿ. ಕಾರವಾರ, ಹೊನ್ನಾವರ, ಮಂಗಳೂರಿನ ಮುಂದೆ ಹಾಯಿ ಹಡಗುಗಳು ಮೆಣಸು, ಅಕ್ಕಿಗಾಗಿ ಬಂದು ನಿಲ್ಲುತ್ತಿದ್ದದ್ದು ಮಳೆಗಾಲ ಮುಗಿದ ಮೇಲೆ. ಜೂನ್ ಬಂತೆಂದರೆ ನಮ್ಮ ದೋಣಿ, ಪತ್ತೇಮಾರಿಗಳು ದಡ ಸೇರುತ್ತವೆ, ಪರದೇಶದ ಹಡಗುಗಳು ಬಯಲು ಲಂಗರಿನಲ್ಲಿ ನಿಲ್ಲುವ ಧೈರ್ಯ ಮಾಡುವುದಿಲ್ಲ. ಮುಂಗಾರು ಹೇಗಿತ್ತೆಂದು ಕೇಳಬೇಕಾದ ತಿಂಗಳುಗಳಲ್ಲೇ ಈ ಕಡಲಿನ ಪುಟ ಬರಿದು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿ ಹಡಗುಗಳು ವರ್ಷವಿಡೀ ಅರಬ್ಬೀ ಸಮುದ್ರ ದಾಟತೊಡಗಿದ ಮೇಲೆ ಅದು ತುಂಬಿತು. ಸ್ಪೇನಿನ ಸಂಶೋಧಕರು ಆ ಹಡಗುಗಳು ಬರೆದ ಗಾಳಿಯ ದಿಕ್ಕನ್ನಷ್ಟೇ ಹಿಡಿದು, ಗಾಳಿ ಯಾವ ದಿನ ಪಡುವಣಕ್ಕೆ ತಿರುಗಿ ಅಲ್ಲೇ ನೆಲೆನಿಂತಿತು ಎಂಬುದರಿಂದ, ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದವರೆಗೂ ಮುಂಗಾರು ಬಂದ ದಿನಗಳ ಪಟ್ಟಿ ಮಾಡಿದ್ದಾರೆ. ಕೇರಳದ ಮಳೆಯನ್ನೇ ಕಾಯುತ್ತ ಕೂರಬೇಕಿಲ್ಲ.

ದಕ್ಷಿಣದ ತಣ್ಣನೆಯ ಕಡಲುಗಳಿಗೆ ಸೂಯೆಜ್ ಉಪಯೋಗಕ್ಕೆ ಬರಲಿಲ್ಲ. ಅಲ್ಲಿಗೆ ಹೋಗಲು ಹೆಚ್ಚಿನ ವ್ಯಾಪಾರಿಗಳಿಗೆ ಕಾರಣವಿರಲಿಲ್ಲ. ಹೋದವರು ತಿಮಿಂಗಿಲ ಬೇಟೆಗಾರರು. ಅಮೆರಿಕದ ನ್ಯೂ ಬೆಡ್‌ಫರ್ಡ್, ನಾಂಟಕೆಟ್ ಬಂದರುಗಳಿಂದ ಹೊರಟರೆ ಮೂರು ನಾಲ್ಕು ವರ್ಷ ಮನೆಗೆ ಮರಳದೆ, ತಿಮಿಂಗಿಲ ಹೋದಲ್ಲೆಲ್ಲ ಹೋಗುತ್ತಿದ್ದರು. ಬೇರೆ ಯಾರೂ ಬರೆಯದ ಜಾಗಗಳ ಗಾಳಿ ಅವರ ಪುಸ್ತಕಗಳಲ್ಲಿದೆ. ವುಡ್ಸ್ ಹೋಲ್ ಸಾಗರ ಸಂಸ್ಥೆಯವರೂ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಶಾಖೆಯವರೂ ಈಗ ಅವನ್ನು ಓದುತ್ತಿದ್ದಾರೆ. ಬೇಟೆಗಾರರಿಗೆ ಬರೆಯುವುದಕ್ಕಿಂತ ಮುದ್ರೆ ಒತ್ತುವುದು ಸಲೀಸು. ತಿಮಿಂಗಿಲದ ಆಕಾರ ಕೊರೆದ ಮರದ ಅಚ್ಚನ್ನು ಶಾಯಿಗೆ ಅದ್ದಿ ಅಂಚಿನಲ್ಲಿ ಒತ್ತುತ್ತಿದ್ದರು. ಇಡೀ ತಿಮಿಂಗಿಲ ಮೂಡಿದ್ದರೆ ಅಂದು ಬೇಟೆ ಸಿಕ್ಕಿದೆ, ಅದರ ಹೊಟ್ಟೆಯಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಎಷ್ಟು ಪೀಪಾಯಿ ಎಣ್ಣೆ ಬಂತೆಂಬ ಲೆಕ್ಕ. ನೀರಿನಿಂದ ಮೇಲೆದ್ದ ಬಾಲ ಮಾತ್ರ ಮೂಡಿದ್ದರೆ ಅದು ಮುಳುಗಿ ತಪ್ಪಿಸಿಕೊಂಡಿತೆಂದು ಅರ್ಥ. ಪುಟ ತಿರುವಿದಂತೆ ಬಾಲ, ಬಾಲ, ಬಾಲ. ಅದರ ಪಕ್ಕದಲ್ಲಿ, ಹೊಟ್ಟೆ ಉರಿದುಕೊಂಡಿರಬೇಕಾದ ಯಾರೋ ಬರೆದ ಸಾಲು: ನೈಋತ್ಯದಿಂದ ಜೋರು ಗಾಳಿ, ದಪ್ಪ ಮೋಡ.